ಅವಳನ್ನು ಕೇಳಿದಿರಾ?

ಲಗ್ಗೆರೆಯ ಸಭೆಗಳ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮಿಷನ್ ತುಳಿದು, ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಮನೆ ಸೇರಿ, ಅನ್ನಕ್ಕಿಟ್ಟು, ಮಕ್ಕಳ ಹೋಂವರ್ಕ್ ನೋಡಿ, ಅಷ್ಟಾದ ಮೇಲೂ ಬೈಬಲ್ ಹಿಡಿದು ಯಾರದೋ ಮನೆಯ ಮೂರನೇ ಮಹಡಿಯ ಪ್ರಾರ್ಥನೆಗೆ ಏದುಸಿರು ಬಿಡುತ್ತ ಹತ್ತುವವರು ನೀವು. ಪಕ್ಕದ ಬೀದಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಗಂಜಿ ಒಯ್ಯುವವರೂ ನೀವೇ. ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುವ ಧೈರ್ಯ.

"ಯಾರಿಗೂ ಹೇಳ್ಬೇಡಿ ಸಿಸ್ಟರ್, ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ." ಈ ಮಾತಿನ ಹಿಂದೆ ಏನು ಬರುತ್ತದೆಂದು ನಿಮಗೆ ಗೊತ್ತು. ಗಂಡ ಬಿಟ್ಟುಹೋದ ಒಬ್ಬಳ ಹೆಸರು ಬರುತ್ತದೆ. ಅವಳು ರಾತ್ರಿ ಎಷ್ಟು ಹೊತ್ತಿಗೆ ಬಂದಳು, ಯಾರ ಬೈಕಿನಲ್ಲಿ ಇಳಿದಳು ಎಂಬುದು ಬರುತ್ತದೆ. ಕಣ್ಣು ಮುಚ್ಚಿ ಆಮೆನ್ ಅನ್ನುವಷ್ಟರಲ್ಲಿ ಅವಳ ಮಾನ ನಾಲ್ಕು ಮನೆಗೆ ಹಂಚಿಹೋಗಿರುತ್ತದೆ. ಓವರ್‌ಟೈಮ್ ಮುಗಿದು ಬಸ್ಸು ಸಿಗಲಿಲ್ಲವೇನೋ ಎಂದು ಯಾರೂ ಕೇಳುವುದಿಲ್ಲ. ಮುಂದಿನ ಭಾನುವಾರ ಅವಳು ಚಾಪೆಯ ಕೊನೆಯಲ್ಲಿ ಕೂರುತ್ತಾಳೆ. ಆಮೇಲೊಂದು ಭಾನುವಾರ ಬರುವುದೇ ಇಲ್ಲ. "ಲೋಕದ ಕಡೆ ಹೋದಳು" ಎನ್ನುತ್ತೇವೆ, ಬಾಗಿಲ ತನಕ ಅವಳನ್ನು ತಳ್ಳಿದ್ದು ನಮ್ಮದೇ ನಾಲಿಗೆ ಎಂದು ಗೊತ್ತಿದ್ದೂ.

ಗೊತ್ತಿದ್ದೂ ಎಂಬುದೇ ನನ್ನ ಸಂಕಟ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯ ನಾಲಿಗೆಯ ಬಗ್ಗೆಯೇ ಇದೆ, ನಿಮಗೆ ಗೊತ್ತು. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರದೂ ಅಲ್ಲವೆಂದದ್ದು ನಿಮಗೆ ಗೊತ್ತು. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ಸುಮ್ಮನೆ ಕೂತಿದ್ದರು. ಕೆಟ್ಟದ್ದೆಲ್ಲ ಅವರು ಬಾಯಿ ತೆರೆದ ಮೇಲೆ ಎಂಬುದೂ ಗೊತ್ತು. ಹಾಗಿದ್ದೂ ಮಕ್ಕಳಾಗದವಳ ತಲೆಯ ಮೇಲೆ ಕೈಯಿಟ್ಟು "ನಿನ್ನ ನಂಬಿಕೆ ಸಾಲದು" ಎನ್ನುತ್ತೇವೆ. ಅವಳು ತಲೆ ತಗ್ಗಿಸಿ "ಹೌದಕ್ಕ" ಎನ್ನುತ್ತಾಳೆ. ಎದುರು ಮಾತಾಡಲು ಅವಳಿಗೆ ಯಾರಿದ್ದಾರೆ?

ಭಾನುವಾರ ಹಾಡು ನಡೆಸಿದ ಸೂಪರ್‌ವೈಸರ್ ಸೋಮವಾರ ಟಾರ್ಗೆಟ್ ಮುಟ್ಟದ ಹೆಲ್ಪರ್ ಹುಡುಗಿಗೆ ಅನ್ನುವ ಮಾತನ್ನು ಇಲ್ಲಿ ಬರೆಯಲಾರೆ. ಅವಳೂ ತಿರುಗಿ ಮಾತಾಡುವಂತಿಲ್ಲ. ಊರಿಗೆ ದುಡ್ಡು ಕಳಿಸಬೇಕು.

ಹಾಗಾದರೆ ತಪ್ಪು ಕಂಡರೂ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಬೇಡ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ದಾರಿ ತೋರಿಸಿದೆ: ಮೊದಲು ಅವರೊಬ್ಬರ ಹತ್ತಿರ ಹೋಗಿ ಮಾತಾಡು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು, ಸಭೆಗೆ ತಿಳಿಸುವುದು ಅದಾದ ಮೇಲೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಸಭೆಗೆಲ್ಲ ತಿಳಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಅದು ಅವಳ ಕಿವಿಗೆ ಬೀಳುತ್ತದೆ.

ಮಾತಾಡುವ ಮೊದಲು ಕಿವಿಗೊಟ್ಟವರೂ ಇದ್ದಾರೆ. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆಯನ್ನು ನೋಡಿದ್ದೀರಿ. ಸುವಾರ್ತೆ ಸಾರಲು 1853ರಲ್ಲಿ ಈ ನಾಡಿಗೆ ಬಂದವರು ಅವರು. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕಾಗಿ ನಮ್ಮ ಜನ ಹೇಗೆ ಮಾತಾಡುತ್ತಾರೆಂದು ವರ್ಷಗಟ್ಟಲೆ ಕಿವಿಗೊಟ್ಟರು. ಅವರದೇ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. (ಆ ಕಾಲದ ಮಿಷನರಿಗಳೆಲ್ಲ ಮೃದುಭಾಷಿಗಳಾಗಿರಲಿಲ್ಲ; ಪಕ್ಕದವರ ದೇವರನ್ನು ಹಂಗಿಸಿದ ಕರಪತ್ರಗಳೂ ಇದ್ದವು. ಅದನ್ನು ಮುಚ್ಚಿಡಬೇಕಿಲ್ಲ.) ಪರದೇಶದವರು ನಮ್ಮ ಮಾತಿಗೆ ಅಷ್ಟು ವರ್ಷ ಕಿವಿಗೊಟ್ಟರಲ್ಲ, ಒಂದೇ ಓಣಿಯ ನಾವು ಅವಳಿಗೆ ಅರ್ಧ ಗಂಟೆ ಕೊಡಲಾರೆವೇ?

ಮುಂದಿನ ಕೂಟದಲ್ಲಿ ಯಾರಾದರೂ ದನಿ ತಗ್ಗಿಸಿ ಅವಳ ಹೆಸರೆತ್ತಿದರೆ, "ಅವಳನ್ನ ಕೇಳಿದ್ರಾ?" ಎಂದು ಒಂದೇ ಮಾತು ಕೇಳಿ. ಕೂಟ ಮುಗಿದ ಮೇಲೆ ಅವಳ ಮನೆಗೆ ಹೋಗಿ ಬನ್ನಿ.