ಬೂದಣ್ಣ ಊಟ ಬಿಟ್ಟ ದಿನ

ಮಕ್ಕಳೇ, ಅಜ್ಜ-ಅಜ್ಜಿಯರೇ,

ಹೋದ ವರ್ಷ ಜುಲೈನಲ್ಲಿ ನಾನು ಅಮೆರಿಕದ ಮಗಳ ಮನೆಯಲ್ಲಿದ್ದೆ. ಅಲ್ಲಿ ನನಗೆ ಇಬ್ಬರು ಮೊಮ್ಮಕ್ಕಳು. ಒಬ್ಬಳು ಐದನೇ ತರಗತಿಯ ಹುಡುಗಿ. ಇನ್ನೊಬ್ಬ ಬೂದಣ್ಣ. ಮೊಲದ ಮರಿಯಂಥ ಮೈ, ಇಲಿಯ ಮೀಸೆ, ಅಳಿಲಿನ ಬಾಲ, ಅಗಲವಾದ ಕಿವಿ. ಮೈಬಣ್ಣ ಒಲೆಯ ಬೂದಿಯಂತೆ. ಅವನ ಜಾತಿಯ ಹೆಸರು ಚಿಂಚಿಲ್ಲಾ.

ಚಿಂಚಿಲ್ಲಾಗಳ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಅಲ್ಲಿನ ಚಳಿಗೆ ತಕ್ಕಂತೆ ಇವಕ್ಕೆ ದಟ್ಟವಾದ ತುಪ್ಪಳವಿದೆ. ನಮ್ಮ ತಲೆಯ ಒಂದು ರಂಧ್ರದಲ್ಲಿ ಒಂದೆರಡು ಕೂದಲು ಇದ್ದರೆ, ಇವುಗಳ ಒಂದೊಂದು ರಂಧ್ರದಲ್ಲಿ ಐವತ್ತಕ್ಕೂ ಹೆಚ್ಚು. ಆ ತುಪ್ಪಳವೇ ಅವಕ್ಕೆ ಮುಳುವಾಯಿತು. ಕೋಟು ಹೊಲಿಯಲೆಂದು ಲಕ್ಷಗಟ್ಟಲೆ ಕೊಂದರು. ಇಂದು ಕಾಡಿನಲ್ಲಿ ಇವು ಅಳಿವಿನ ಅಂಚಿನಲ್ಲಿವೆ. 1923ರಲ್ಲಿ ಮಥಾಯಸ್ ಚಾಪ್ಮನ್ ಎಂಬ ಗಣಿ ಎಂಜಿನಿಯರ್ ಹತ್ತು ಹನ್ನೆರಡು ಚಿಂಚಿಲ್ಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಾಗೆ ಹಡಗಿನಲ್ಲಿ ತಂದ. ದಾರಿಯ ಸೆಕೆಗೆ ಸಾಯಬಾರದೆಂದು ಪೆಟ್ಟಿಗೆಗಳ ಬಳಿ ಮಂಜುಗಡ್ಡೆ ಇಟ್ಟಿದ್ದನಂತೆ. ಇಂದು ಅಮೆರಿಕದ ಮನೆಗಳಲ್ಲಿರುವ ಚಿಂಚಿಲ್ಲಾಗಳಲ್ಲಿ ಹೆಚ್ಚಿನವು ಅವುಗಳ ಸಂತತಿ.

ನನಗೆ ಬೂದಣ್ಣನ ಮೇಲೆ ಬಹಳ ಅಕ್ಕರೆ. ಆದರೆ ಅವನ ಊಟ ನೋಡಿದರೆ ಮರುಕ. ಮೂರು ಹೊತ್ತೂ ಒಣಹುಲ್ಲು, ಒಂದು ಚಮಚ ಒಣ ಉಂಡೆಕಾಳು, ನೀರು. ಅಷ್ಟೇ! "ಬೇರೇನೂ ಕೊಡಬೇಡಮ್ಮ" ಎಂದು ಮಗಳು ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಅಭ್ಯಾಸ ನಮಗಿದೆಯೇ? ಎಲ್ಲರೂ ಆಫೀಸಿಗೆ ಹೋದ ಮೇಲೆ ಎರಡು ದಿನ ಅವನಿಗೆ ಗೋಡಂಬಿ, ಒಣದ್ರಾಕ್ಷಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಅವನು ತಿನ್ನುವುದನ್ನು ನೋಡುವುದೇ ಒಂದು ಚೆಂದ.

ಮೂರನೆಯ ದಿನ ಮಧ್ಯಾಹ್ನ ಮೊಮ್ಮಗಳು ಪಂಜರದ ಮುಂದೆ ಕುಳಿತು ಕರೆದಳು. "ಅಜ್ಜಿ, ಬೂದಣ್ಣ ಸರಿಯಿಲ್ಲ."

ಅವನು ಮೂಲೆಯಲ್ಲಿ ಬೆನ್ನು ಗೂನು ಮಾಡಿ ಚೆಂಡಿನಂತೆ ಕುಳಿತಿದ್ದ. ಕಣ್ಣು ಅರೆ ಮುಚ್ಚಿತ್ತು. "ಮಲಗಿದ್ದಾನೆ ಕಣೇ. ಹಗಲೇ ಅಲ್ಲವೇ ಅವನಿಗೆ ರಾತ್ರಿ?" ಎಂದೆ. ಚಿಂಚಿಲ್ಲಾಗಳು ಹಗಲು ನಿದ್ದೆ ಮಾಡಿ ಸಂಜೆಗೆ ಏಳುತ್ತವೆ, ಅದು ನಿಜವೇ. ಅವಳು ಒಪ್ಪಲಿಲ್ಲ. ಕೆಳಗಿನ ತಟ್ಟೆ ತೋರಿಸಿದಳು. "ಹಿಕ್ಕೆ ನೋಡಿ. ದಿನಾ ನೂರಾರು ಇರುತ್ತೆ. ಇವತ್ತು ಏಳೇ ಏಳು. ಅದೂ ಸಾಸಿವೆಯಷ್ಟು ಸಣ್ಣ."

ಹುಲ್ಲು ಹಾಕಿದ್ದು ಹಾಕಿದಂತೆಯೇ ಇತ್ತು. ಅವಳು ಅಡುಗೆಮನೆಯ ತಕ್ಕಡಿ ತಂದು ಅವನನ್ನು ತೂಗಿದಳು. ಪ್ರತಿ ಭಾನುವಾರ ತೂಗಿ ಬರೆದಿಡುವ ನೋಟ್‌ಬುಕ್ ಒಂದಿದೆ. ಭಾನುವಾರ 560 ಗ್ರಾಂ ಇದ್ದವನು ಈಗ 520.

ನಾನು ಓಮದ ನೀರು ಕುದಿಸಲು ಎದ್ದೆ. ಹೊಟ್ಟೆ ಕೆಟ್ಟರೆ ನಮ್ಮ ಮನೆಯಲ್ಲಿ ಮೊದಲ ಮದ್ದು ಅದೇ. ಹುಡುಗಿ ಕೈ ಹಿಡಿದು ನಿಲ್ಲಿಸಿ, ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಆಸ್ಪತ್ರೆಗೆ ಮಾಡಿದಳು. ಅಲ್ಲಿಂದ ಬಂದ ಉತ್ತರ ಎರಡೇ ಮಾತು: "ಈಗಲೇ ಕರೆತನ್ನಿ."

ಒಂದು ಹೊತ್ತು ಊಟ ಬಿಟ್ಟರೆ ಇಷ್ಟು ಗಾಬರಿಯೇ ಎಂದು ನನಗೆ ಆಶ್ಚರ್ಯ. ವೈದ್ಯೆ ಆಮೇಲೆ ಬಿಡಿಸಿ ಹೇಳಿದರು. ಚಿಂಚಿಲ್ಲಾ, ಮೊಲ, ಗಿನಿಪಿಗ್‌ಗಳ ಕರುಳು ಹಗಲಿರುಳೂ ನಡೆಯುತ್ತಲೇ ಇರಬೇಕು. ಹುಲ್ಲಿನ ನಾರು ಬರುತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ನಾರು ನಿಂತರೆ ಕರುಳು ನಿಧಾನವಾಗುತ್ತದೆ, ಒಳಗೆ ವಾಯು ತುಂಬುತ್ತದೆ, ನೋವಾಗುತ್ತದೆ. ನೋವಿಗೆ ಪ್ರಾಣಿ ಇನ್ನಷ್ಟು ಊಟ ಬಿಡುತ್ತದೆ. ಇವು ವಾಂತಿ ಮಾಡಲಾರವು. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ಅವು ಯಾಕೆ ಮೊದಲೇ ಹೇಳುವುದಿಲ್ಲ? ಅವು ಬೇಟೆಗೆ ಸಿಕ್ಕುವ ಪ್ರಾಣಿಗಳು. ಕಾಡಿನಲ್ಲಿ ನರಿಯೋ ಗೂಬೆಯೋ ಮೊದಲು ಹಿಡಿಯುವುದು ಕುಂಟುವವನನ್ನೇ. ಹಾಗಾಗಿ ಕಾಯಿಲೆಯನ್ನು ಆದಷ್ಟೂ ಬಚ್ಚಿಡುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ.

ವೈದ್ಯೆ ಬೂದಣ್ಣನ ಹೊಟ್ಟೆ ಮುಟ್ಟಿ ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿದರು. ಕೊನೆಯ ಹಿಕ್ಕೆ ಯಾವಾಗ? ತೂಕ ಎಷ್ಟು? ಮೊಮ್ಮಗಳು ನೋಟ್‌ಬುಕ್ ತೆರೆದು ಪಟಪಟನೆ ಹೇಳಿದಳು. ಆಮೇಲೆ ಕೇಳಿದರು: "ಹೊಸದಾಗಿ ಏನಾದರೂ ತಿನ್ನಿಸಿದಿರಾ?"

ಮಗಳು "ಇಲ್ಲ" ಎಂದುಬಿಟ್ಟಳು. ನನ್ನ ಬಾಯಿ ಒಣಗಿತು. ಅರವತ್ತೆಂಟು ವರ್ಷದವಳು, ಕದ್ದು ಬೆಲ್ಲ ತಿಂದ ಮಗುವಿನಂತೆ ನೆಲ ನೋಡಿದೆ. ಆಮೇಲೆ ಹೇಳಿದೆ. "ನಾನು ಕೊಟ್ಟೆ. ಗೋಡಂಬಿ, ದ್ರಾಕ್ಷಿ. ಎರಡು ದಿನ."

ಆಗ ಮೊಮ್ಮಗಳು ಅಳತೊಡಗಿದಳು. "ನಿನ್ನೆ ರಾತ್ರಿಯೇ ಅವನು ಹುಲ್ಲು ತಿಂದಿರಲಿಲ್ಲ. ನಾನು ನೋಡಿದ್ದೆ. ಅಮ್ಮ ಬೈತಾಳೆ ಅಂತ ಹೇಳಲಿಲ್ಲ."

ವೈದ್ಯೆ ಇಬ್ಬರನ್ನೂ ಬೈಯಲಿಲ್ಲ. ಜಿಡ್ಡು, ಸಿಹಿ ಇವಕ್ಕೆ ಆಗದು. ಅದೊಂದೇ ಕಾರಣ ಎಂದು ಹೇಳಲಾಗದು, ಹಲ್ಲು ಬೆಳೆದು ಚುಚ್ಚಿದರೂ ಹೀಗಾಗುತ್ತದೆ. ಆದರೆ ನೀವು ಹೇಳಿದ್ದರಿಂದ ಎಲ್ಲಿ ಹುಡುಕಬೇಕೆಂದು ಗೊತ್ತಾಯಿತು, ಎಂದರು. ಹಲ್ಲು ಪರೀಕ್ಷಿಸಿದರು. ಎಕ್ಸ್‌ರೇ ತೆಗೆದರು. ಚರ್ಮದಡಿ ಸಲೈನ್ ಕೊಟ್ಟು, ನೋವಿಗೆ ಚುಚ್ಚುಮದ್ದು ಹಾಕಿದರು. ಕರುಳಿನಲ್ಲಿ ಅಡ್ಡಿ ಇಲ್ಲವೆಂದು ಖಾತ್ರಿಯಾದ ಮೇಲೆ, ಹುಲ್ಲಿನ ಪುಡಿಯ ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪಸ್ವಲ್ಪವೇ ತಿನ್ನಿಸುವುದನ್ನು ಕಲಿಸಿಕೊಟ್ಟರು.

ಆ ರಾತ್ರಿ ನಾವು ಮೂವರೂ ಸರದಿಯಲ್ಲಿ ಎದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಮೊಮ್ಮಗಳು ಕೂಗಿದಳು: "ಅಜ್ಜಿ, ಹಿಕ್ಕೆ ಹಾಕಿದ!" ಹಿಕ್ಕೆ ಕಂಡು ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮೂರು ದಿನಕ್ಕೆ ಅವನು ತಾನಾಗಿ ಹುಲ್ಲು ಕಡಿಯತೊಡಗಿದ.

ನಮ್ಮ ನಾಡಿನಲ್ಲಿ ಚಿಂಚಿಲ್ಲಾ ಸಾಕುವವರು ವಿರಳ, ಸಾಕದಿರುವುದೇ ಒಳ್ಳೆಯದು. 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವಕ್ಕೆ ಅಪಾಯ. 40 ಮೀರುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅವು ಏನಾದಾವು? ಆದರೆ ಮೊಲ, ಗಿನಿಪಿಗ್ ಹಲವರ ಮನೆಯಲ್ಲಿವೆ. ಅವಕ್ಕೂ ಈ ಮಾತುಗಳು ಸಲ್ಲುತ್ತವೆ:

• ದಿನವೂ ಹುಲ್ಲು, ನೀರು, ಹಿಕ್ಕೆ ನೋಡಿ. ವಾರಕ್ಕೊಮ್ಮೆ ತೂಗಿ ಬರೆದಿಡಿ.

• ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ, ಬೆನ್ನು ಗೂನಾದರೆ, ಹಲ್ಲು ಕಡಿದರೆ, ಜೊಲ್ಲು ಸುರಿದರೆ ನಾಳೆಗೆ ಕಾಯಬೇಡಿ. ಹೊಟ್ಟೆ ಊದಿ ಗಟ್ಟಿಯಾಗಿದ್ದರೆ ಏನನ್ನೂ ತಿನ್ನಿಸದೆ ಕೂಡಲೇ ವೈದ್ಯರ ಬಳಿ ಒಯ್ಯಿರಿ.

• ಸೆಕೆಯಲ್ಲಿ ಕಿವಿ ಕೆಂಪಾಗಿ, ಏದುಸಿರು ಬಿಡುತ್ತ ಅಡ್ಡ ಬಿದ್ದಿದ್ದರೆ ತಂಪಾದ ಕೋಣೆಗೆ ಒಯ್ದು ನೆಲದ ಟೈಲ್ಸ್ ಮೇಲೆ ಮಲಗಿಸಿ, ವೈದ್ಯರಿಗೆ ಫೋನ್ ಮಾಡಿ. ತಣ್ಣೀರಿನಲ್ಲಿ ಮುಳುಗಿಸಬೇಡಿ.

• ಮನೆಮದ್ದು ಬೇಡ, ನಮ್ಮ ಮಾತ್ರೆಗಳು ಬೇಡವೇ ಬೇಡ. ನಾವು ನುಂಗುವ ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಇವುಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಕ್ಕೇ ಎರವಾಗುತ್ತದೆ.

• ಮೊಲ ನೋಡುವ ವೈದ್ಯರು ಯಾರೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿ, ನಂಬರ್ ಗೋಡೆಗೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಯೂ ಕೇಳಬಹುದು.

ಮಗಳ ಮನೆಯ ಪಂಜರದ ಮೇಲೆ ಈಗ ಒಂದು ಚೀಟಿ ಇದೆ. ಮೊಮ್ಮಗಳ ಕೈಬರಹ: "ಬೂದಣ್ಣನ ವಿಷಯ ಹೇಳಿದವರಿಗೆ ಬೈಗುಳ ಇಲ್ಲ." ಕೆಳಗೆ ಅಮ್ಮನ ಸಹಿ, ಅಪ್ಪನ ಸಹಿ. ಅದರ ಕೆಳಗೆ ನನ್ನದೂ.

ನಿಮ್ಮ ಮನೆಯಲ್ಲೂ ಅಂಥದೊಂದು ಚೀಟಿ ಅಂಟಿಸಿ, ಮಕ್ಕಳೇ. ಅಜ್ಜ-ಅಜ್ಜಿಯ ಸಹಿ ಹಾಕಿಸುವುದನ್ನು ಮರೆಯಬೇಡಿ.