ಸ್ಕ್ಯಾನ್ ನೋಡಿ ಮಗುವಿಗೆ ಕಾಯಿಲೆ ಹಚ್ಚಬೇಡಿ

ಸಿಟ್ಟು ಬಂದರೆ ತಟ್ಟೆ ಎಸೆಯುವ, ಕ್ಲಾಸಿನಲ್ಲಿ ಐದು ನಿಮಿಷ ಕೂರಲಾರದ ಹುಡುಗನಿಗೆ ಇರುವುದು ಗಮನ ನಿಲ್ಲದ, ಚಡಪಡಿಕೆಯ ಎಡಿಎಚ್‌ಡಿಯೋ, ಹುರುಪು–ಮಂಕುಗಳ ನಡುವೆ ತೂಗುವ ಬೈಪೋಲಾರೋ? ಪಡುಬಿದ್ರಿಯ ತಾಯಿಯೂ ಇದನ್ನು ಕೇಳುತ್ತಾಳೆ, ಅಮೆರಿಕದ ಪ್ರೊಫೆಸರೂ ಕೇಳುತ್ತಾನೆ. ಮೆದುಳಿನ ಸ್ಕ್ಯಾನೇ ಉತ್ತರ ಹೇಳಿಬಿಡುತ್ತದೆ ಎಂದು ನಂಬಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಸಂಶೋಧನೆ ಸುಳ್ಳೆಂದಲ್ಲ. ಮಕ್ಕಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಸಿಟ್ಟಿನ ಮುಖ, ನಗುಮುಖ ತೋರಿಸಿ, ನೆನಪಿಡುವ ಕೆಲಸ ಕೊಟ್ಟು ನೋಡಿದ್ದಾರೆ. ಬೈಪೋಲಾರ್ ಗುಂಪಿನಲ್ಲಿ ಭಾವನೆಯ ಜಾಲ ಹೆಚ್ಚು ಕೆರಳುತ್ತದೆ. ಎಡಿಎಚ್‌ಡಿ ಗುಂಪಿನಲ್ಲಿ ಹಣೆಯ ಹಿಂದಿನ, ಕಡಿವಾಣ ಹಿಡಿಯುವ ಭಾಗದ ಕೊರತೆ ಎದ್ದು ಕಾಣುತ್ತದೆ ಎಂದು 2010ರ ಹೊತ್ತಿಗೆ ಚಿಕಾಗೋದಿಂದ ವರದಿಗಳು ಬಂದವು. ಆದರೆ ಅದು ಗುಂಪಿನ ಸರಾಸರಿ. ಹತ್ತನೇ ಕ್ಲಾಸಿನ ಹುಡುಗರು ಸರಾಸರಿಯಲ್ಲಿ ಹುಡುಗಿಯರಿಗಿಂತ ಎತ್ತರ. ಹಾಗೆಂದು ಬರೀ ಎತ್ತರ ಅಳೆದು ಹುಡುಗನೋ ಹುಡುಗಿಯೋ ಎಂದು ಹೇಳಲಾದೀತೆ? ಮೆದುಳಿನ ಚಿತ್ರವನ್ನು ನಡವಳಿಕೆಗೆ ನಂಟು ಹಾಕಲು ಸಾವಿರಾರು ಜನರ ಸ್ಕ್ಯಾನ್ ಬೇಕೆಂದು 2022ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಅಲ್ಲಿಯವರೆಗಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇದ್ದವರು 25 ಜನ.

ಹೆಸರು ಅಂಟಿಸುವ ಆತುರ ಎಲ್ಲಿಗೆ ಮುಟ್ಟುತ್ತದೆಂದು ಅಮೆರಿಕ ಆಗಲೇ ತೋರಿಸಿದೆ. 1990ರ ದಶಕದಲ್ಲಿ ಹಾರ್ವರ್ಡಿನ ಜೋಸೆಫ್ ಬೀಡರ್‌ಮನ್ ಬಳಗ, ಮಕ್ಕಳಲ್ಲಿ ಸದಾ ಇರುವ ಸಿಡುಕನ್ನೂ ಬೈಪೋಲಾರ್ ಲೆಕ್ಕಕ್ಕೆ ಸೇರಿಸಿತು. 1994–95ರಲ್ಲಿ ಲಕ್ಷಕ್ಕೆ 25ರಷ್ಟಿದ್ದ ಈ ಕಾಯಿಲೆಯ ಹೆಸರಿನ ವೈದ್ಯರ ಭೇಟಿಗಳು 2002–03ರಲ್ಲಿ 1003ಕ್ಕೆ ಏರಿದವು. ಎಂಟು ವರ್ಷದಲ್ಲಿ ಮಕ್ಕಳ ಮೆದುಳು ನಲವತ್ತು ಪಟ್ಟು ಕೆಡಲಿಲ್ಲವಲ್ಲ! ಬೀಡರ್‌ಮನ್‌ಗೆ ಔಷಧ ಕಂಪನಿಗಳಿಂದ 16 ಲಕ್ಷ ಡಾಲರ್ ಸಂದಿತ್ತು, ಅದರ ಬಹುಪಾಲು ವಿಶ್ವವಿದ್ಯಾಲಯಕ್ಕೇ ಗೊತ್ತಿರಲಿಲ್ಲ ಎಂಬುದು 2008ರಲ್ಲಿ ಸೆನೆಟರ್ ಗ್ರಾಸ್ಲಿಯ ತನಿಖೆಯಲ್ಲಿ ಹೊರಬಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ–5 ಸದಾ ಸಿಡುಕುವ ಮಕ್ಕಳಿಗೆ ಬೇರೆಯೇ ಹೆಸರು ಕೊಟ್ಟಿತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮೊದಲೇ ಸರಿಯಾದ ದಾರಿಯಲ್ಲಿತ್ತು. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಪೋಲಾರ್ ಇದ್ದ 30 ಮಕ್ಕಳನ್ನು ನಾಲ್ಕೈದು ವರ್ಷದ ಬಳಿಕ ಮತ್ತೆ ಪರೀಕ್ಷಿಸಿದರು. ಎಲ್ಲರೂ ಮೊದಲ ಸುತ್ತಿನಿಂದ ಚೇತರಿಸಿಕೊಂಡಿದ್ದರು. 20 ಮಂದಿಗೆ ಮರುಕಳಿಸಿತ್ತು. ಇದೂ ಸಣ್ಣ ಸಂಖ್ಯೆಯೇ. ಆದರೆ ಅವರು ನೋಡಿದ್ದು ಯಂತ್ರದೊಳಗಿನ ಅರ್ಧ ಗಂಟೆಯನ್ನಲ್ಲ, ವರ್ಷಗಳನ್ನು. ಬೈಪೋಲಾರ್ ಬರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಎಡಿಎಚ್‌ಡಿ ಚಿಕ್ಕಂದಿನಿಂದಲೇ ಇದ್ದು ದಿನವೂ ಜೊತೆಗಿರುತ್ತದೆ. ಗುರುತಿಸಲು ಬೇಕಾದ್ದು ಈ ಕಾಲದ ಲೆಕ್ಕ. ಔಷಧವೂ ಬೇರೆ ಬೇರೆ: ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್, ಬೈಪೋಲಾರ್‌ಗೆ ಲಿಥಿಯಂ, ಜೊತೆಗೆ ಆಗಾಗ ರಕ್ತಪರೀಕ್ಷೆ, ಥೈರಾಯ್ಡು ಕಿಡ್ನಿಗಳ ಮೇಲೆ ನಿಗಾ. ಹೆಸರು ತಪ್ಪಿದರೆ ದಂಡ ತೆರುವುದು ಮಗುವಿನ ಮೈ.

ಫಿಟ್ಸ್, ತಲೆಗೆ ಪೆಟ್ಟು, ಗಡ್ಡೆಯ ಅನುಮಾನ ಇದ್ದು ವೈದ್ಯರು ಹೇಳಿದರೆ ಸ್ಕ್ಯಾನ್ ಮಾಡಿಸಲೇಬೇಕು. ಬೈಪೋಲಾರೋ ಅಲ್ಲವೋ ಎಂದು ತೀರ್ಮಾನಿಸಲು ಬೇಡ. ನಮ್ಮ ಕಡೆ ದೈವದ ದರ್ಶನಕ್ಕೆ ಹೋದರೂ ಮನೆಮಂದಿಯನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಾರೆ. ಸ್ಕ್ಯಾನ್ ಯಾರನ್ನೂ ಏನೂ ಕೇಳುವುದಿಲ್ಲ.

ಒಂದು ದಿನದ ಸಂಬಳ ಬಿಟ್ಟು, ಹೆದ್ದಾರಿಯ ಬಸ್ಸು ಹತ್ತಿ ಮಣಿಪಾಲಕ್ಕೋ ಉಡುಪಿಗೋ ಹೋಗುವ ಅಮ್ಮನಿಗೆ ಕೈಯಲ್ಲಿ ಹಿಡಿಯಲು ಒಂದು ಕಾಗದ ಬೇಕು ಅನಿಸುವುದು ಸಹಜ. ಆ ಕಾಗದವನ್ನು ಶಾಲೆಯೇ ಕೊಡಲಿ. ಯಾವ ತಿಂಗಳಲ್ಲಿ ಹುಡುಗ ನಿದ್ದೆಯಿಲ್ಲದೆಯೂ ಹುರುಪಾಗಿದ್ದ, ಆಮೇಲೆ ಯಾವಾಗ ಮಂಕಾದ, ಅಥವಾ ಒಂದನೇ ಕ್ಲಾಸಿನಿಂದಲೂ ಹೀಗೆಯೇ ಇದ್ದಾನೆಯೇ ಎಂದು ಟೀಚರ್ ಎರಡು ಪುಟ ಬರೆದುಕೊಡಲಿ. ಕಾಪು, ಕಾರ್ಕಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಮನೋವೈದ್ಯರೊಬ್ಬರು ನಿಗದಿತ ದಿನ ಕೂತು ಆ ಪುಟಗಳನ್ನು ಓದಲಿ, ಆರು ತಿಂಗಳ ಬಳಿಕ ಅದೇ ಹುಡುಗನನ್ನು ಮತ್ತೆ ಕರೆಸಲಿ. ಅದಕ್ಕೆ ಆರೋಗ್ಯ ಇಲಾಖೆ ಹುದ್ದೆ ಕೊಡಬೇಕು; ನಮ್ಮ ಶಾಸಕರು ಕೇಳಬೇಕಾದ್ದೂ ಅದನ್ನೇ.