ಎರೆಗೊಂದು ಲೆಕ್ಕ, ಬಂಡೆಗೊಂದು ಲೆಕ್ಕ

ಯಾದಗಿರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲು 44 ಡಿಗ್ರಿ ಮುಟ್ಟುವ ಹೊತ್ತಿಗೆ ಹೈಟೆನ್ಷನ್ ತಂತಿ ಮೆಲ್ಲಗೆ ನೆಲದ ಕಡೆ ಇಳಿದಿರುತ್ತದೆ. ಕಾದ ಲೋಹ ಹಿಗ್ಗುತ್ತದೆ, ಹಿಗ್ಗಿದ ತಂತಿ ಜೋಲುತ್ತದೆ. ಊರೆಲ್ಲ ಕೂಲರ್ ಹಚ್ಚಿರುವುದರಿಂದ ಹರಿಯುವ ಕರೆಂಟೂ ಹೆಚ್ಚಿ ಅದು ಇನ್ನಷ್ಟು ಕಾಯುತ್ತದೆ. ಹಾಗಾಗಿ ಲೈನಿನ ವಿನ್ಯಾಸ ಮಾಡುವವರು ತಂತಿ ಗರಿಷ್ಠ ಮಟ್ಟಕ್ಕೆ ಕಾದಿದೆ ಎಂದೇ ಎಣಿಸಿ ಜೋಲನ್ನು ಅಳೆಯುತ್ತಾರೆ. 400 ಕೆವಿ ಲೈನಿನ ಎರಡು ಟವರುಗಳ ನಡುವೆ 400 ಮೀಟರ್ ಅಂತರವಿದ್ದರೆ ನಟ್ಟನಡುವೆ ತಂತಿ ಹನ್ನೆರಡು ಮೀಟರಿನಷ್ಟು ಬಾಗಿರುತ್ತದೆ. ಅಷ್ಟು ಬಾಗಿದ ಮೇಲೂ ನೆಲದಿಂದ 8.84 ಮೀಟರ್ ಮೇಲಿರಬೇಕು. ಟವರು ಉಳಿಸಲು ಅಂತರ ಇಮ್ಮಡಿ ಮಾಡಿದರೆ ಜೋಲು ನಾಲ್ಕು ಪಟ್ಟಾಗುತ್ತದೆ. ಬಿಗಿದು ಕಟ್ಟಿದರೆ ಚಳಿಗಾಲದ ನಸುಕಿನಲ್ಲಿ ತಂತಿ ಕುಗ್ಗಿ ಎಳೆತ ಮಿತಿ ಮೀರುತ್ತದೆ. ಈ ತಂತಿಗೆ ಇಟ್ಟ ಹೆಸರು ‘ಮೂಸ್’. ಹಿಮದ ನಾಡಿನ ಪ್ರಾಣಿ, ಪಾಪ, ನಮ್ಮ ಬಿಸಿಲಲ್ಲಿ ನೇತಾಡುತ್ತಿದೆ.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಡನೆ ಒಂದಾಯಿತು. ನಕ್ಷೆಯ ಮೇಲೆ ಆ ಎರಡು ಊರುಗಳ ನಡುವೆ ಗೆರೆ ಎಳೆಯಿರಿ, ಯಾದಗಿರಿ ಜಿಲ್ಲೆಯ ಶಹಾಪುರದ ಸೀಮೆಯ ಮೇಲೇ ಹಾಯುತ್ತದೆ. ನಕ್ಷೆಯಲ್ಲಿ ಮಣ್ಣು ಕಾಣುವುದಿಲ್ಲ, ಅಷ್ಟೇ.

ಗಾಳಿ ಬೀಸಿದಾಗ ಟವರಿನ ಒಂದು ಬದಿಯ ಕಾಲು ನೆಲವನ್ನು ಒತ್ತುತ್ತದೆ, ಎದುರು ಬದಿಯದು ಕಿತ್ತು ಬರಲು ನೋಡುತ್ತದೆ. ಮನೆಯ ಬುನಾದಿ ಭಾರ ಹೊತ್ತರೆ ಸಾಕು. ಟವರಿನ ಬುನಾದಿ ಬಿಗಿಯಾಗಿ ಹಿಡಿದುಕೊಳ್ಳಲೂ ಬೇಕು. ನೆನೆದ ಎರೆಮಣ್ಣಿಗೆ ಆ ಹಿಡಿತವಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ; ನಾಲ್ಕು ಕಾಲುಗಳಲ್ಲಿ ಒಂದು ತುಸು ಎದ್ದರೂ ಉಕ್ಕಿನ ಚೌಕಟ್ಟು ತಿರುಚಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಅಗಲವಾದ, ಆಳವಾದ ಕಾಂಕ್ರೀಟ್ ಪಾದ ಬೇಕು. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಆಸುಪಾಸು, ಸುರಪುರದ ಗುಡ್ಡಗಳಲ್ಲಿ ಗಟ್ಟಿ ಬಂಡೆ ಸಿಕ್ಕರೆ ರಂಧ್ರ ಕೊರೆದು, ಸರಳು ಇಳಿಸಿ, ಸಿಮೆಂಟ್ ತುಂಬಿದರಾಯಿತು.

ಸಿಡಿಲಿನ ಲೆಕ್ಕಕ್ಕೆ ಬಂದರೆ ಎಲ್ಲ ತಿರುವುಮುರುವು. ಟವರಿನ ನೆತ್ತಿಯ ಅರ್ಥ್ ವೈರ್ ಹಿಡಿದ ಸಿಡಿಲು ಕಾಲುಗಳ ಮೂಲಕ ನೆಲಕ್ಕಿಳಿಯಬೇಕು. ಅದಕ್ಕೆ ಪಾದದ ಬಳಿ ನೆಲದ ತಡೆ 10 ಓಮ್ ದಾಟಬಾರದೆಂಬುದು ರೂಢಿ. ತೇವ ಹಿಡಿದಿಡುವ ಎರೆ ಸಿಡಿಲನ್ನು ಸಲೀಸಾಗಿ ನುಂಗುತ್ತದೆ. ಕಣಶಿಲೆ ನುಂಗದು. ಇಳಿಯಲು ದಾರಿ ಸಿಗದ ಸಿಡಿಲು ಟವರಿನಿಂದ ಇನ್ಸುಲೇಟರ್ ದಾಟಿ ತಂತಿಗೆ ಹಾರುತ್ತದೆ, ಲೈನ್ ಟ್ರಿಪ್ ಆಗುತ್ತದೆ. ಆದ್ದರಿಂದ ಬಂಡೆಯ ಮೇಲಿನ ಟವರಿನ ಕಾಲುಗಳಿಂದ ಹತ್ತಾರು ಮೀಟರ್ ಉದ್ದಕ್ಕೆ ಸತುವು ಲೇಪಿಸಿದ ಉಕ್ಕಿನ ತಂತಿ ಹೂಳುತ್ತಾರೆ. ಬುನಾದಿಗೆ ಹಗೆಯಾದ ಮಣ್ಣೇ ಸಿಡಿಲಿಗೆ ನೆಂಟ. ಈ ಎರಡೂ ಲೆಕ್ಕ ಹತ್ತು ಹರದಾರಿಯೊಳಗೆ ಎದುರಾಗುವ ಸೀಮೆ ಇದು.

ಇದೇ ಸೀಮೆಯ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳ ನೇರ ಟವರ್ ಸಾಲಿಗೆ ದಕ್ಕುವುದಿಲ್ಲ. ಊರು, ಕೆರೆ, ಬೋನಾಳದ ಪಕ್ಷಿಧಾಮ ಬಳಸಿ ಹೋಗಬೇಕು. ತಿರುಗಿದಲ್ಲೆಲ್ಲ ದುಬಾರಿ ಆ್ಯಂಗಲ್ ಟವರು.

ಬಳಸಿ ಹೋಗಲಾಗದ್ದು ಹೊಲ. 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಲೈನ್ ಎಳೆಯುವವರಿಗೂ ಕೊಡಲು 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ದಾರಿ ಮಾಡಿತು: ಹೊಲ ರೈತನದ್ದೇ, ನಿಂತ ಟವರು ಮಾತ್ರ ಅವರದು. ತೊಗರಿ, ಹತ್ತಿ ಬಿತ್ತಬಹುದು; ತಂತಿಯಡಿ ಮನೆ ಕಟ್ಟುವಂತಿಲ್ಲ, ಮರ ಎತ್ತರಕ್ಕೆ ಬಿಡುವಂತಿಲ್ಲ. ಕೇಂದ್ರದ 2015ರ ಮಾರ್ಗಸೂಚಿ ಟವರ್ ಪಾದದ ಜಾಗಕ್ಕೆ ಭೂಮಿ ಬೆಲೆಯ ಶೇ. 85 ಕೊಡಿ ಎಂದಿತ್ತು. 2024ರದು ಅದನ್ನು ಶೇ. 200ಕ್ಕೆ ಏರಿಸಿ, ತಂತಿ ಹಾಯುವ ಪಟ್ಟಿಗೆ ಶೇ. 30 ಎಂದಿತು. ಸುಧಾರಣೆಯೇ ಸರಿ, ಆದರೆ ಒಂದೇ ಸಲದ ದುಡ್ಡು. ಮೊಬೈಲ್ ಟವರಿಗೆ ಜಾಗ ಕೊಟ್ಟವನಿಗೆ ಬಾಡಿಗೆ ಬರುತ್ತದೆ; ಹೈಟೆನ್ಷನ್ ಟವರ್ ಹೊತ್ತ ಹೊಲಕ್ಕೂ ವರ್ಷವರ್ಷ ಬಾಡಿಗೆ ಸಲ್ಲಬೇಕೆಂಬುದು ನನ್ನ ವಾದ. ಪ್ರಸರಣ ಲೈನಿನ ಬಾಳಿಕೆ 35 ವರ್ಷವೆಂದು ದರ ನಿಗದಿಯಲ್ಲೇ ಹಿಡಿದಿರುವಾಗ, ಅಷ್ಟೂ ವರ್ಷದ ಬಾಡಿಗೆಯನ್ನು ಮೊದಲೇ ಖರ್ಚಿಗೆ ಸೇರಿಸುವುದು ಜೋಲಿನ ಲೆಕ್ಕಕ್ಕಿಂತ ಕಠಿಣವೇನಲ್ಲ.